ಮೂವತ್ತು ಸಾಲು ಕೋಡಿನ ಬೆಂಕಿ: ಪಿ5 ಜೆಎಸ್ ಬಳಸಿ ನೋಡಿದ ಮೇಲೆ

ಅಕ್ಕನ ಮಗಳು ರಾತ್ರಿ ಫೋನ್ ಮಾಡಿ, "ಮಾಮ, ನೀನು ಕಳಿಸಿದ್ದನ್ನ ತೆಗೆದೆ. ನಂಗೆ ಎರಡು ಬೆಂಕಿ ಬಂದಿದೆ" ಅಂದಳು. ನಾನು ಕಳಿಸಿದ್ದು ಒಂದೇ ಬೆಂಕಿ. ನನ್ನ ಪರದೆಯಲ್ಲಿ ಅದು ಕೆಳಗಿನ ಅಂಚಿನಿಂದ ಎದ್ದು ಚೆನ್ನಾಗಿ ಉರಿಯುತ್ತಿತ್ತು. ಅವಳ ಪರದೆಯಲ್ಲಿ ಮಾತ್ರ ಎರಡು ಪುಟ್ಟ ಬೆಂಕಿಗಳು ಅಕ್ಕಪಕ್ಕ ಕೂತಿದ್ದವು. ಅದೂ ಚೌಕಟ್ಟಿನ ಮೇಲಿನ ಕಾಲು ಭಾಗದಲ್ಲಿ. ಕೆಳಗಿನ ಮುಕ್ಕಾಲು ಭಾಗ ಖಾಲಿ.

ಯಾಕೆ ಹಾಗಾಯಿತು ಅನ್ನುವುದನ್ನು ಅವಳೇ ಕಂಡುಹಿಡಿದಳು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಯಾವುದರ ಬಗ್ಗೆ ಬರೆಯುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಪಿ5 ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಬ್ರೌಸರಿನಲ್ಲಿ ಚಿತ್ರ ಬರೆಯಲು ಮೊದಲೇ ಬರೆದಿಟ್ಟ ಕೋಡ್, ಮತ್ತು ಬ್ರೌಸರಿನಲ್ಲೇ ತೆರೆದುಕೊಳ್ಳುವ ಅದರ ಎಡಿಟರ್. ಎರಡೂ ಉಚಿತ. ಇವನ್ನು ಬಳಸಿ ನಾವಿಬ್ಬರೂ ಸೇರಿ ಬೆಂಕಿ ಬರೆದೆವು. ಹಳೆಯ ಕಾಲದ, ಲೆಕ್ಕದಿಂದ ಹುಟ್ಟುವ, ಪಿಕ್ಸೆಲ್ ಬೆಂಕಿ. ಆ ಒಂದು ಕೆಲಸಕ್ಕೆ ಈ ಉಪಕರಣ ಹೇಗಿದೆ ಅನ್ನುವುದಷ್ಟೇ ಈ ವಿಮರ್ಶೆ.

ನಾನು ಮೊದಲ ಸಲ ಬೆಂಕಿ ಬರೆದದ್ದು ಡಾಸ್‌ನಲ್ಲಿ, ಟರ್ಬೊ ಸಿ ಅನ್ನುವ ಕಂಪೈಲರ್ ಬಳಸಿ. ಪರದೆಗೆ ಚಿತ್ರ ಕಳಿಸುವ ವಿಜಿಎ ಕಾರ್ಡ್ ಬಂದದ್ದು 1987ರಲ್ಲಿ. ಅದರಲ್ಲಿ ಮೋಡ್ 13ಎಚ್ ಅಂತ ಒಂದು ಮೋಡ್ ಇತ್ತು. ಅಡ್ಡ 320, ಉದ್ದ 200 ಪಿಕ್ಸೆಲ್, 256 ಬಣ್ಣ. ಒಂದು ಪಿಕ್ಸೆಲ್‌ಗೆ ಒಂದೇ ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಅಂಕಿ. ಪೂರ್ತಿ ಪರದೆ ಅಂದರೆ 64,000 ಬೈಟ್, ಸಾಲಾಗಿ, ಒಂದರ ಪಕ್ಕ ಒಂದು. ಮೊದಲ ಬೈಟ್ ಬದಲಾಯಿಸಿದರೆ ಎಡ ಮೇಲಿನ ಮೂಲೆಯ ಚುಕ್ಕೆ ಬದಲಾಗುತ್ತಿತ್ತು. ಅಷ್ಟು ನೇರ. ಗ್ರಾಫಿಕ್ಸ್ ಬಗ್ಗೆ ನನಗೆ ಇವತ್ತಿಗೂ ಇರುವ ಪ್ರೀತಿ ಹುಟ್ಟಿದ್ದು ಅಲ್ಲೇ. ಪರದೆ ಅಂದರೆ ಬರೀ ಅಂಕಿಗಳ ಸಾಲು ಅಂತ ಕೈಗೆ ಗೊತ್ತಾದ ದಿನ ಅದು.

ಆಮೇಲೆ ಬಂದ ಎಷ್ಟೋ ಉಪಕರಣಗಳಲ್ಲಿ ಆ ನೇರತನ ಸಿಗಲಿಲ್ಲ. ಒಂದು ಚುಕ್ಕೆ ಹಾಕಬೇಕಾದರೆ ಮೊದಲು ಕಿಟಕಿ ತೆರೆಯಬೇಕು, ಪ್ರಾಜೆಕ್ಟ್ ಮಾಡಬೇಕು, ಯಾವುದೋ ಪ್ಯಾಕೇಜ್ ಇಳಿಸಿಕೊಳ್ಳಬೇಕು. ಹದಿನಾಲ್ಕು ವರ್ಷದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೆಲ್ಲ ಮಾಡಿದರೆ ಚುಕ್ಕೆ ಬರುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಾಳೆ.

ಪಿ5 ಎಡಿಟರ್ ತೆರೆದರೆ ಎಡಗಡೆ ಕೋಡ್, ಬಲಗಡೆ ಚಿತ್ರ, ಕೆಳಗೆ ತಪ್ಪುಗಳನ್ನೂ ಪ್ರಿಂಟ್ ಮಾಡಿದ್ದನ್ನೂ ತೋರಿಸುವ ಕನ್ಸೋಲ್. ಮೇಲೆ ಒಂದು ಪ್ಲೇ ಬಟನ್. ಕೋಡ್‌ನಲ್ಲಿ ಆಗಲೇ ಎರಡು ಫಂಕ್ಷನ್ ಬರೆದಿಟ್ಟಿರುತ್ತಾರೆ. ಸೆಟಪ್ ಒಂದು ಸಲ ಓಡುತ್ತದೆ. ಡ್ರಾ ಸೆಕೆಂಡಿಗೆ ಸುಮಾರು 60 ಸಲ ಓಡುತ್ತಲೇ ಇರುತ್ತದೆ, ಒಂದೊಂದು ಸಲಕ್ಕೂ ಒಂದು ಫ್ರೇಮ್, ಅಂದರೆ ಒಂದು ಚಿತ್ರ. ಬೆಂಕಿ ಬರೆಯುವವನಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ. ಬೆಂಕಿ ಅಂದರೇನೇ ಮತ್ತೆ ಮತ್ತೆ ಮಾಡುವ ಒಂದು ಸಣ್ಣ ಲೆಕ್ಕ ಅಲ್ವಾ?

ಇದರ ಹಿಂದೆ ಒಂದು ಒಳ್ಳೆಯ ವಂಶವೂ ಇದೆ. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದ್ದ ಕೇಸಿ ರೀಸ್ ಮತ್ತು ಬೆನ್ ಫ್ರೈ ಸೇರಿ ಪ್ರೊಸೆಸಿಂಗ್ ಅನ್ನುವ ಪ್ರೋಗ್ರಾಮಿಂಗ್ ಉಪಕರಣವನ್ನು ಶುರು ಮಾಡಿದರು. ಕಲಾವಿದರಿಗೂ ವಿದ್ಯಾರ್ಥಿಗಳಿಗೂ ಪ್ರೋಗ್ರಾಮಿಂಗ್ ಸುಲಭವಾಗಲಿ ಅನ್ನುವುದು ಅವರ ಆಸೆ. ಅದೇ ಆಸೆಯನ್ನು ಬ್ರೌಸರಿಗೆ ತಂದದ್ದು ಲಾರೆನ್ ಮೆಕಾರ್ಥಿ. ಪಿ5 ಕೆಲಸ 2013ರಲ್ಲಿ ಶುರುವಾಯಿತು. ಸೆಟಪ್, ಡ್ರಾ ಅನ್ನುವ ಆ ಎರಡು ಹೆಸರು ಪ್ರೊಸೆಸಿಂಗ್‌ನಿಂದಲೇ ಬಂದವು.

ಈಗ ಬೆಂಕಿಗೆ ಬರೋಣ. ಲೆಕ್ಕ ಇಷ್ಟೇ. ಪರದೆಯ ಪ್ರತಿ ಚುಕ್ಕೆಗೂ ಒಂದು ಬಿಸಿ ಇದೆ ಅಂದುಕೊಳ್ಳಿ, 0ಯಿಂದ 255ರವರೆಗೆ. ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಪ್ರತಿ ಫ್ರೇಮ್‌ನಲ್ಲೂ ಅಡ್ಡಾದಿಡ್ಡಿ 0 ಅಥವಾ 255 ತುಂಬಿಸಿ. ಅದು ಕೆಂಡ. ಉಳಿದ ಪ್ರತಿ ಚುಕ್ಕೆಯೂ ತನ್ನ ಕೆಳಗಿನ ಮೂರು ಚುಕ್ಕೆಗಳನ್ನು ಮತ್ತು ಎರಡು ಸಾಲು ಕೆಳಗಿನ ಒಂದು ಚುಕ್ಕೆಯನ್ನು ಕೂಡಿಸಿ ನಾಲ್ಕರಿಂದ ಭಾಗಿಸಲಿ. ಬಂದದ್ದರಲ್ಲಿ ಒಂದಿಷ್ಟು ಕಳೆಯಲಿ. ಕಳೆಯುವುದು ಅಂದರೆ ಆರುವುದು. ಕೆಳಗಿನಿಂದ ತೆಗೆದುಕೊಳ್ಳುವುದರಿಂದ ಬಿಸಿ ಮೇಲಕ್ಕೆ ಏರುತ್ತದೆ. ಅಕ್ಕಪಕ್ಕದವನ್ನು ಕೂಡಿಸುವುದರಿಂದ ಹರಡುತ್ತದೆ. ಏರುವುದು, ಹರಡುವುದು, ಆರುವುದು. ಈ ಮೂರೇ.

ಇದನ್ನು ಬಾಯಲ್ಲಿ ಹೇಳಿದಾಗ ಅವಳು ತಲೆ ಆಡಿಸಿದಳು, ಆದರೆ ನಂಬಲಿಲ್ಲ. "ಇಷ್ಟಕ್ಕೇ ಬೆಂಕಿ ಥರ ಹೇಗೆ ಕಾಣುತ್ತೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಪಿ5 ನನಗೆ ನಿಜವಾಗಿ ಇಷ್ಟವಾದದ್ದು ಇಲ್ಲಿ. ಒಂಬತ್ತು ಮನೆ ಅಗಲದ ಒಂದು ಪುಟ್ಟ ಬೆಂಕಿ ಮಾಡಿದೆವು. ಪ್ರತಿ ಮನೆಯನ್ನೂ ಬೆರಳಗಲದ ಚೌಕವಾಗಿ ಬರೆದು, ಅದರೊಳಗೆ ಬಿಸಿಯ ಅಂಕಿಯನ್ನೇ ಬರೆಸಿದೆವು. ಫ್ರೇಮ್‌ರೇಟ್ ಅನ್ನು ಸೆಕೆಂಡಿಗೆ ಒಂದಕ್ಕೆ ಇಳಿಸಿದೆವು. ಕೆಂಡದ ಸಾಲಿನಲ್ಲಿ ನಡುವಿನ ಒಂದು ಮನೆಗೆ ಮಾತ್ರ 240, ಉಳಿದಿದ್ದೆಲ್ಲ 0. ಆರುವ ಭಾಗವನ್ನು ಸದ್ಯಕ್ಕೆ ತೆಗೆದುಹಾಕಿದೆವು.

ಮೊದಲ ಫ್ರೇಮ್. ಕೆಂಡದ ಮೇಲಿನ ಸಾಲಿನಲ್ಲಿ 60, 60, 60. ಅದರ ಮೇಲಿನ ಸಾಲಿನ ನಡುವೆ ಒಂದೇ ಒಂದು 60. ಎರಡನೇ ಫ್ರೇಮ್‌ಗೆ ಆ ಮೇಲಿನ ಸಾಲು 15, 30, 105, 30, 15 ಆಯಿತು. ಅವಳು ಆ 105ನ್ನು ತೋರಿಸಿ "ಇದು ಯಾಕೆ ಕೆಳಗಿನ 60ಕ್ಕಿಂತ ಜಾಸ್ತಿ?" ಅಂದಳು. ಪೆನ್ನು ತಗೊಂಡು ಕೂಡಿಸಿದಳು. ಕೆಳಗಿನ ಮೂರು ಅರವತ್ತು ಸೇರಿ 180, ಎರಡು ಸಾಲು ಕೆಳಗಿನ 240 ಸೇರಿ 420, ನಾಲ್ಕರಿಂದ ಭಾಗಿಸಿದರೆ 105. ಎರಡು ಸಾಲು ಕೆಳಗಿನ ಆ ನಾಲ್ಕನೇ ಚುಕ್ಕೆಯೇ ನಡುವನ್ನು ಎತ್ತಿ ಹಿಡಿಯುತ್ತಿದೆ. ಬದಿಗಳು ಕರಗುತ್ತಿವೆ, ನಡುವೆ ಚೂಪಾಗುತ್ತಿದೆ. ಅದೇ ನಾಲಿಗೆ. ಬೆಂಕಿಯ ನಾಲಿಗೆ ಆ ಐದು ಅಂಕಿಗಳಲ್ಲೇ ಇತ್ತು.

ನಾನು ಈ ಲೆಕ್ಕವನ್ನು ಎಷ್ಟೋ ವರ್ಷಗಳಿಂದ ಬಳಸಿದ್ದೇನೆ. ಆ ನಾಲ್ಕನೇ ಚುಕ್ಕೆ ಯಾಕೆ ಬೇಕು ಅಂತ ಕಣ್ಣಾರೆ ಕಂಡದ್ದು ಅವತ್ತೇ. ಅಂಕಿಯನ್ನು ಚೌಕದೊಳಗೆ ಬರೆಸಲು ನಮಗೆ ಬೇಕಾದದ್ದು ರೆಕ್ಟ್ ಮತ್ತು ಟೆಕ್ಸ್ಟ್ ಅನ್ನುವ ಎರಡು ಫಂಕ್ಷನ್. ಹಳೆಯ ಪದ್ಧತಿಯಲ್ಲಿ ಬೇಕಾದ ಕಡೆ ಅಕ್ಷರ ಮೂಡಿಸುವುದು ಇಷ್ಟು ಸುಲಭ ಇರಲಿಲ್ಲ. ಹಾಗಾಗಿ ಈ ಪ್ರಯೋಗ ಮಾಡಬೇಕು ಅಂತ ಆಗ ಅನಿಸಿಯೇ ಇರಲಿಲ್ಲ.

ಬಣ್ಣದ ವಿಷಯದಲ್ಲಿ ಮೊದಲು ಸ್ವಲ್ಪ ಬೇಜಾರಾಯಿತು. ವಿಜಿಎಯಲ್ಲಿ ಪ್ಯಾಲೆಟ್ ಇತ್ತು. ಪರದೆಯ ಮೇಲೆ ಬರೆಯುವುದು ಬಿಸಿಯ ಅಂಕಿಯನ್ನಷ್ಟೇ. ಯಾವ ಅಂಕಿಗೆ ಯಾವ ಬಣ್ಣ ಅನ್ನುವುದನ್ನು ಕಾರ್ಡ್ ನೋಡಿಕೊಳ್ಳುತ್ತಿತ್ತು. ಕೆಂಪು, ಹಸಿರು, ನೀಲಿ, ಒಂದೊಂದಕ್ಕೂ 0ಯಿಂದ 63. ಒಟ್ಟು 2,62,144 ಬಣ್ಣಗಳಲ್ಲಿ ನಮಗೆ ಬೇಕಾದ 256 ಆರಿಸಿಕೊಳ್ಳಬಹುದಿತ್ತು. ಕೆಂಪು ಬೆಂಕಿಯನ್ನು ನೀಲಿ ಮಾಡಬೇಕಾದರೆ ಚಿತ್ರ ಮುಟ್ಟಬೇಕಿರಲಿಲ್ಲ, ಪ್ಯಾಲೆಟ್ ಬದಲಾಯಿಸಿದರೆ ಸಾಕಿತ್ತು. ಪಿ5ನಲ್ಲಿ ಅದಿಲ್ಲ. ಪಿಕ್ಸೆಲ್ಸ್ ಅನ್ನುವ ಉದ್ದನೆಯ ಅರೇ, ಅಂದರೆ ಅಂಕಿಗಳ ಪಟ್ಟಿ, ಇದೆ. ಒಂದೊಂದು ಚುಕ್ಕೆಗೂ ನಾಲ್ಕು ಅಂಕಿ ಬರೆಯಬೇಕು: ಕೆಂಪು, ಹಸಿರು, ನೀಲಿ, ಮತ್ತು ಎಷ್ಟು ಗಾಢ ಅನ್ನುವ ಆಲ್ಫಾ. ಆಲ್ಫಾಗೆ 255 ಹಾಕಲು ಮರೆತರೆ ಏನೂ ಕಾಣುವುದಿಲ್ಲ.

ಆದರೆ ಇದೇ ಅರೇಯಲ್ಲಿ ಒಂದು ಉಪಕಾರವೂ ಇದೆ. ಅದಕ್ಕೆ 255ಕ್ಕಿಂತ ಜಾಸ್ತಿ ಕೊಟ್ಟರೆ 255ಕ್ಕೇ ನಿಲ್ಲಿಸುತ್ತದೆ, ಸೊನ್ನೆಗಿಂತ ಕಡಿಮೆ ಕೊಟ್ಟರೆ ಸೊನ್ನೆ ಮಾಡುತ್ತದೆ. ಇದರಿಂದ ಬೆಂಕಿಯ ಬಣ್ಣ ಮೂರೇ ಸಾಲಿನಲ್ಲಿ ಮುಗಿಯುತ್ತದೆ. ಕೆಂಪಿಗೆ ಬಿಸಿಯ ಮೂರರಷ್ಟು. ಹಸಿರಿಗೆ ಬಿಸಿಯ ಮೂರರಷ್ಟರಲ್ಲಿ 255 ಕಳೆದದ್ದು. ನೀಲಿಗೆ 510 ಕಳೆದದ್ದು. ಬಿಸಿ 85 ಆಗುವವರೆಗೆ ಕಪ್ಪಿನಿಂದ ಕೆಂಪು. 170 ಆಗುವವರೆಗೆ ಕೆಂಪಿನಿಂದ ಕಿತ್ತಳೆ ದಾಟಿ ಹಳದಿ. ಅದರಾಚೆ ಬಿಳಿ. ಯಾವ ಷರತ್ತೂ ಬರೆಯಬೇಕಿಲ್ಲ. ಇದನ್ನು ಕಂಡುಕೊಂಡ ಮೇಲೆ ಪ್ಯಾಲೆಟ್ ಇಲ್ಲದ ಬೇಜಾರು ಹೋಯಿತು.

ಕೆಂಡದ ಸಾಲಿನಲ್ಲಿ ಅರ್ಧ 0, ಅರ್ಧ 255 ಇದ್ದರೆ ಸರಾಸರಿ ಸುಮಾರು 127. ನಾಲ್ಕು ಸಾಲು ಮೇಲೆ ಹೋಗುವಷ್ಟರಲ್ಲಿ ಎಲ್ಲವೂ ಅದರ ಆಸುಪಾಸಿಗೆ ಬಂದುಬಿಡುತ್ತವೆ. ಹಾಗಾಗಿ ಬಿಳಿ, ಹಳದಿ ಕಾಣುವುದು ತೀರಾ ಬುಡದಲ್ಲಿ ಮಾತ್ರ, ಬೆಂಕಿಯ ಮೈ ಕಿತ್ತಳೆ, ಮೇಲೆ ಹೋದಂತೆ ಕೆಂಪು. ಇನ್ನೂ ಬಿಸಿ ಬೇಕು ಅನಿಸಿದರೆ ಕೆಂಡದಲ್ಲಿ 255ರ ಪಾಲು ಹೆಚ್ಚಿಸಿ. ಬಣ್ಣವನ್ನು ಮುಟ್ಟಬೇಡಿ.

ಎಷ್ಟು ಕಳೆಯಬೇಕು ಅನ್ನುವುದಕ್ಕೆ ಒಂದು ಸ್ಲೈಡರ್ ಹಾಕಿದೆವು. ಕ್ರಿಯೇಟ್‌ಸ್ಲೈಡರ್ ಅಂತ ಒಂದು ಸಾಲು ಬರೆದರೆ ಚಿತ್ರದ ಕೆಳಗೆ ಬಂದು ಕೂರುತ್ತದೆ. 100 ಸಾಲು ಎತ್ತರದ ಬೆಂಕಿಗೆ 1 ಕಳೆದರೆ ಜ್ವಾಲೆ ಮೇಲಿನ ಅಂಚಿಗೆ ಬಡಿಯುತ್ತದೆ. 2 ಕಳೆದರೆ ಚೌಕಟ್ಟಿನೊಳಗೆ ಅಂದವಾಗಿ ಕೂರುತ್ತದೆ. 3 ಕಳೆದರೆ ಅರ್ಧಕ್ಕೇ ಕುಸಿಯುತ್ತದೆ. ಸ್ಲೈಡರ್ ಎಳೆದಂತೆ ಬೆಂಕಿ ಏಳುತ್ತದೆ, ಬೀಳುತ್ತದೆ. ಅವಳು ಇದನ್ನು ಹತ್ತು ನಿಮಿಷ ಸುಮ್ನೆ ಎಳೆದಾಡಿದಳು. ನಾನೂ ತಡೆಯಲಿಲ್ಲ. ಒಂದು ಅಂಕಿ ಏನು ಮಾಡುತ್ತದೆ ಅಂತ ಕೈಗೆ ತಿಳಿಯುವುದು ಹಾಗೇ.

ಈಗ ತೊಡಕುಗಳು. ಮೊದಲನೆಯದು ನನ್ನದೇ ತಪ್ಪು. ಮೊದಲ ದಿನ ಪೂರ್ತಿ ಕೋಡ್ ಬರೆದು ಪ್ಲೇ ಒತ್ತಿದರೆ ಕೆಳಗಿನ ಒಂದೇ ಒಂದು ಸಾಲು ಮಿಣುಕುತ್ತಿತ್ತು. ಅದರ ಮೇಲೆ ಪೂರ್ತಿ ಕತ್ತಲು. ಕನ್ಸೋಲ್‌ನಲ್ಲಿ ಒಂದು ದೂರೂ ಇಲ್ಲ. ಕೊನೆಗೆ ಬಿಸಿಯ ಅಂಕಿಗಳನ್ನು ಪ್ರಿಂಟ್ ಮಾಡಿ ನೋಡಿದರೆ ಎಲ್ಲ ಕಡೆ "ಅಂಕಿಯಲ್ಲ" ಅನ್ನುವ ಜಾವಾಸ್ಕ್ರಿಪ್ಟ್‌ನ ಗುರುತು. ಕೆಂಡದ ಮೇಲಿನ ಸಾಲು ಎರಡು ಸಾಲು ಕೆಳಗೆ ನೋಡಬೇಕು. ಅಲ್ಲಿ ಸಾಲೇ ಇಲ್ಲ. ಇಲ್ಲದ್ದನ್ನು ಕೂಡಿಸಿದರೆ ಬರುವುದು ಅಂಕಿಯಲ್ಲ. ಅದನ್ನು ಮೇಲಿನ ಸಾಲು ಕೂಡಿಸಿಕೊಂಡರೆ ಅದೂ ಅಂಕಿಯಲ್ಲ. ಬಿಸಿ ಏರಬೇಕಾದ ದಾರಿಯಲ್ಲೇ ಆ ರೋಗ ಏರುತ್ತಿತ್ತು.

ಇದೇ ಲೆಕ್ಕವನ್ನು ಹಳೆಯ ಕಾಲದಲ್ಲಿ ಅಷ್ಟು ಸಲ ಬರೆದಿದ್ದೆನಲ್ಲ, ಆಗ ಯಾಕೆ ಹೀಗಾಗಲಿಲ್ಲ? ಯೋಚಿಸಿದಾಗ ಹೊಳೆಯಿತು. ಆಗ ನಾನು ನೇರ ಪರದೆಯ ಮೆಮೊರಿಯಲ್ಲೇ ಲೆಕ್ಕ ಮಾಡುತ್ತಿದ್ದೆ. ಪರದೆಗೆ ಬೇಕಾದದ್ದು 64,000 ಬೈಟ್, ಆದರೆ ಅದು ಕೂತಿದ್ದ ಮೆಮೊರಿ ತುಂಡಿನಲ್ಲಿ, ಅಂದರೆ ಸೆಗ್ಮೆಂಟ್‌ನಲ್ಲಿ ಇದ್ದದ್ದು 65,536. ಉಳಿದ 1,536 ಬೈಟ್, ಅಂದರೆ ನಾಲ್ಕು ಸಾಲಿಗೂ ಜಾಸ್ತಿ, ಪರದೆಯ ಕೆಳಗೆ ಕಾಣದಂತೆ ಇತ್ತು. ನನ್ನ ತಪ್ಪು ಅಲ್ಲಿ ಹೋಗಿ ತಣ್ಣಗೆ ಕೂತಿತ್ತು. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಪರಿಹಾರವೂ ಅದೇ. ಈಗ ನಮ್ಮ ಅರೇಯಲ್ಲಿ ಕೆಂಡದ ಕೆಳಗೆ ಕಾಣದ ಒಂದು ಸಾಲು ಇಟ್ಟಿದ್ದೇವೆ.

ಹೆಸರು ತಪ್ಪು ಬರೆದಾಗ ಮಾತ್ರ ಪಿ5 ಬಹಳ ಚೆನ್ನಾಗಿ ಸಹಾಯ ಮಾಡುತ್ತದೆ. ಅರೇಯಲ್ಲಿ ಬರೆದದ್ದನ್ನು ಪರದೆಗೆ ತರುವ ಫಂಕ್ಷನ್ ಅಪ್‌ಡೇಟ್‌ಪಿಕ್ಸೆಲ್ಸ್. ಅವಳು ಅದನ್ನು ಬರೆಯುವಾಗ ಕೊನೆಯ ಅಕ್ಷರ ಬಿಟ್ಟಿದ್ದಳು. ನೀವು ಬರೆಯಲು ಹೊರಟದ್ದು ಇದಾ ಅಂತ ಕನ್ಸೋಲ್ ಸರಿಯಾದ ಹೆಸರನ್ನು ತೋರಿಸಿತು. ಕಲಿಯುವವರಿಗೆ ಇದು ದೊಡ್ಡ ಧೈರ್ಯ. ಲೆಕ್ಕದ ತಪ್ಪನ್ನು ಅದು ಹಿಡಿಯುವುದಿಲ್ಲ, ಅದನ್ನು ನಿರೀಕ್ಷಿಸಲೂ ಬಾರದು. ಅಲ್ಲಿ ಪ್ರಿಂಟ್ ಮಾಡಿ ನೋಡುವುದೇ ದಾರಿ.

ಎರಡನೆಯದು ಆ ಎರಡು ಬೆಂಕಿ. ನನ್ನದು ಹಳೆಯ ಮಾನಿಟರ್. ಅವಳದು ಒತ್ತೊತ್ತಾದ ಪಿಕ್ಸೆಲ್‌ಗಳ ಹೊಸ ಪರದೆ. ಮರುದಿನ ಅವಳು ಒಂದು ಪರೀಕ್ಷೆ ಮಾಡಿದಳು. ಸಮ ಸಂಖ್ಯೆಯ ಸಾಲುಗಳಿಗೆ ಮಾಮೂಲಿ ಬಣ್ಣ, ಬೆಸ ಸಂಖ್ಯೆಯ ಸಾಲುಗಳಿಗೆ ನೀಲಿ. ನನ್ನ ಪರದೆಯಲ್ಲಿ ಪಟ್ಟೆಪಟ್ಟೆ ಬೆಂಕಿ ಬಂತು. ಅವಳ ಪರದೆಯಲ್ಲಿ ಎಡಗಡೆಯ ಬೆಂಕಿ ಪೂರ್ತಿ ಕಿತ್ತಳೆ, ಬಲಗಡೆಯದು ಪೂರ್ತಿ ನೀಲಿ! "ಮಾಮ, ಒಂದೇ ಬೆಂಕೀನ ಸಾಲು ಬಿಟ್ಟು ಸಾಲು ಹಂಚಿಬಿಟ್ಟಿದೆ" ಅಂದಳು. ಅವಳ ಆ ದನಿ ಇನ್ನೂ ಕಿವಿಯಲ್ಲಿದೆ.

ವಿಷಯ ಇಷ್ಟು. ನಾವು 320 ಅಗಲ, 200 ಎತ್ತರದ ಕ್ಯಾನ್ವಾಸ್, ಅಂದರೆ ಚಿತ್ರ ಬರೆಯುವ ಜಾಗ, ಕೇಳಿದ್ದೆವು. ಒತ್ತಾದ ಪರದೆ ಇದ್ದರೆ ಪಿ5 ತಾನಾಗಿ ಎರಡರಷ್ಟು ನಯವಾಗಿ, 640 ಅಗಲ, 400 ಎತ್ತರಕ್ಕೆ ಅರೇ ಮಾಡಿಕೊಳ್ಳುತ್ತದೆ. ನಾವು ಮಾತ್ರ ಸಾಲಿಗೆ 320 ಅಂತಲೇ ಎಣಿಸಿ ಬರೆಯುತ್ತಿದ್ದೆವು. ಹಾಗಾಗಿ ನಮ್ಮ ಎರಡು ಸಾಲು ಅದರ ಒಂದು ಸಾಲಿನಲ್ಲಿ ಅಕ್ಕಪಕ್ಕ ಕೂತವು. ನಮ್ಮ 200 ಸಾಲು ಅದರ 100 ಸಾಲಿಗೇ ಮುಗಿಯಿತು. ಸೆಟಪ್‌ನಲ್ಲಿ ಕ್ಯಾನ್ವಾಸ್ ಮಾಡುವ ಮೊದಲು ಪಿಕ್ಸೆಲ್‌ಡೆನ್ಸಿಟಿ 1 ಅಂತ ಒಂದು ಸಾಲು ಬರೆದರೆ ಮುಗಿಯಿತು. ವೃತ್ತ, ಗೆರೆ ಬರೆಯುವವರಿಗೆ ಈ ಎರಡರಷ್ಟು ನಯ ಒಂದು ವರವೇ, ಅಂಚುಗಳು ಚೊಕ್ಕವಾಗಿ ಬರುತ್ತವೆ. ಚುಕ್ಕೆ ಚುಕ್ಕೆಯಾಗಿ ಬರೆಯುವ ನಮ್ಮಂಥವರಿಗೆ ಇದು ಮೊದಲೇ ಗೊತ್ತಿರಬೇಕು. ನನ್ನನ್ನು ಕೇಳಿದರೆ, ಬೆಂಕಿ ಬರೆಯುವವರು ಕೋಡ್‌ನ ಮೊದಲ ಸಾಲಾಗಿ ಇದನ್ನೇ ಬರೆಯಲಿ.

ಮೂರನೆಯದು ವೇಗ. ಒಂದು ಚುಕ್ಕೆಗೆ ಬಣ್ಣ ಹಾಕಲು ಸೆಟ್ ಅನ್ನುವ ಫಂಕ್ಷನ್ ಇದೆ. ಓದಲು ಸುಲಭ ಅಂತ ಮೊದಲು ಅದನ್ನೇ ಬಳಸಿದೆವು. ಒಂದು ಫ್ರೇಮ್‌ಗೆ 64,000 ಸಲ ಅದನ್ನು ಕರೆದರೆ ಬೆಂಕಿ ತಡವರಿಸುತ್ತದೆ. ಪಿಕ್ಸೆಲ್ಸ್ ಅರೇಗೆ ನೇರವಾಗಿ ಬರೆಯುವುದು ಇದಕ್ಕಿಂತ ವೇಗ ಅಂತ ಪಿ5ನ ಕೈಪಿಡಿಯೇ ಹೇಳುತ್ತದೆ. ಬದಲಾಯಿಸಿದ ಕೂಡಲೇ ಬೆಂಕಿ ನೀರಿನಂತೆ ಹರಿಯಿತು. ಇನ್ನೊಂದು ಉಪಾಯವೂ ಇದೆ. 160 ಅಗಲ, 100 ಎತ್ತರದ ಸಣ್ಣ ಇಮೇಜ್ ಮಾಡಿ, ಬೆಂಕಿಯನ್ನು ಅದರಲ್ಲಿ ಉರಿಸಿ, ಕ್ಯಾನ್ವಾಸ್ ತುಂಬುವಷ್ಟು ಹಿಗ್ಗಿಸಿ. ಬರೀ 16,000 ಮನೆ ಲೆಕ್ಕ ಹಾಕಿದರಾಯಿತು. ನೋಸ್ಮೂತ್ ಅಂತ ಬರೆದರೆ ಚೌಕಚೌಕವಾಗಿ, ಹಳೆಯ ಆಟಗಳಲ್ಲಿ ಇದ್ದಂತೆ ಕಾಣುತ್ತದೆ. ನನಗೆ ಅದೇ ಚೆಂದ. ಅವಳಿಗೆ ನಯವಾದದ್ದು ಇಷ್ಟ.

ಪೂರ್ತಿ ಪರದೆಗೆ, ಅಂದರೆ 1920 ಅಗಲ, 1080 ಎತ್ತರಕ್ಕೆ ಇದೇ ರೀತಿ ಬರೆಯಲು ಹೋಗಬೇಡಿ. ಒಂದು ಫ್ರೇಮ್‌ಗೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಚುಕ್ಕೆ. ಅದು ಗ್ರಾಫಿಕ್ಸ್ ಕಾರ್ಡ್ ಮಾಡಬೇಕಾದ ಕೆಲಸ, ಅದರ ಮೇಲೇ ಓಡುವ ಶೇಡರ್ ಅನ್ನುವ ಕೋಡ್ ಬರೆಯಬೇಕು. ಪಿ5 ಒಳಗೇ ಅದಕ್ಕೂ ದಾರಿ ಇದೆ. ಆದರೆ ಶೇಡರ್‌ನಲ್ಲಿ ಪ್ರತಿ ಚುಕ್ಕೆಯೂ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಳ್ಳುತ್ತದೆ, ಪಕ್ಕದ ಚುಕ್ಕೆ ಹೋದ ಫ್ರೇಮ್‌ನಲ್ಲಿ ಏನಾಗಿತ್ತು ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ. ಮೊದಲ ಬೆಂಕಿಗೆ ಅದು ಬೇಡ.

ಒಂದು ಬೆಂಕಿ ಬಂದ ಮೇಲೆ ಬೇರೆ ಬೇರೆ ಬೆಂಕಿ ಮಾಡುವ ಆಸೆ ತಾನಾಗಿ ಬರುತ್ತದೆ. ಡೂಮ್ ಆಟದ 1995ರ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಇದ್ದ ಬೆಂಕಿಯ ರೀತಿ ಇನ್ನೂ ಸರಳ. ಅದರಲ್ಲಿ 37 ಛಾಯೆ ಮಾತ್ರ, 0ಯಿಂದ 36. ಕೆಳಗಿನ ಸಾಲು ಯಾವಾಗಲೂ 36. ಸರಾಸರಿ ತೆಗೆಯುವುದೇ ಇಲ್ಲ. ಪ್ರತಿ ಮನೆಯೂ ತನ್ನ ಬಿಸಿಯನ್ನು ಮೇಲಿನ ಸಾಲಿಗೆ ದಾಟಿಸುತ್ತದೆ. ದಾಟಿಸುವಾಗ 0ಯಿಂದ 3ರೊಳಗೆ ಒಂದು ಅಂಕಿ ಚೀಟಿ ಎತ್ತಿದಂತೆ ಎತ್ತಿ, ಅದಕ್ಕೆ ತಕ್ಕಂತೆ ಎಡಬಲಕ್ಕೆ ಸರಿಸುತ್ತದೆ. ಆ ಅಂಕಿ ಬೆಸ ಆದರೆ ಒಂದು ಛಾಯೆ ಕಡಿಮೆ ಮಾಡುತ್ತದೆ. ಒಂದೇ ಚೀಟಿಯಲ್ಲಿ ಎರಡು ಕೆಲಸ.

ಇದನ್ನು ಬರೆದಾಗ ನಮ್ಮ ಬೆಂಕಿ ಎಡಕ್ಕೆ ವಾಲಿತು. ಗಾಳಿಯ ಕೋಡ್ ಬರೆದೇ ಇರಲಿಲ್ಲ. ನೋಡಿದರೆ ಸರಿಸುವ ಲೆಕ್ಕದಲ್ಲಿ ಬಲಕ್ಕೆ ಒಂದು, ನೇರಕ್ಕೆ ಒಂದು, ಎಡಕ್ಕೆ ಒಂದು, ಎಡಕ್ಕೆ ಎರಡು, ಹೀಗೆ ನಾಲ್ಕು ಸಾಧ್ಯತೆ ಇವೆ. ಎಡದ ಕಡೆ ತೂಕ ಜಾಸ್ತಿ. ಆ ವಾಲಿಕೆಯನ್ನು ಸ್ಲೈಡರ್‌ಗೆ ಕಟ್ಟಿದೆವು, ಗಾಳಿ ಸಿಕ್ಕಿತು. ಇಂಥದ್ದನ್ನು ಪ್ರಯತ್ನಿಸಲು ಪಿ5ನಲ್ಲಿ ಅರ್ಧ ನಿಮಿಷ ಸಾಕು. ಆಟೋ ರಿಫ್ರೆಶ್ ಅಂತ ಒಂದು ಚೌಕಕ್ಕೆ ಟಿಕ್ ಹಾಕಿದರೆ ಕೋಡ್ ಬದಲಾಯಿಸುತ್ತಿದ್ದಂತೆ ಚಿತ್ರವೂ ಹೊಸದಾಗುತ್ತದೆ.

ಕೆಂಡವನ್ನು ರ‍್ಯಾಂಡಮ್ ಬದಲು ನಾಯ್ಸ್ ಫಂಕ್ಷನ್‌ನಿಂದ ತುಂಬಿಸಿಯೂ ನೋಡಿ. ಕೆನ್ ಪರ್ಲಿನ್ 1980ರ ದಶಕದಲ್ಲಿ ಕಂಡುಕೊಂಡ ರೀತಿ ಅದು. ಅದಕ್ಕೇ 1997ರಲ್ಲಿ ಅವರಿಗೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ರ‍್ಯಾಂಡಮ್‌ನಲ್ಲಿ ಪಕ್ಕಪಕ್ಕದ ಅಂಕಿಗಳಿಗೆ ಸಂಬಂಧ ಇರುವುದಿಲ್ಲ. ನಾಯ್ಸ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುತ್ತದೆ. ಹಾಗಾಗಿ ಒಂದು ಕಡೆ ಬೆಂಕಿ ಗುಂಪಾಗಿ ಏಳುತ್ತದೆ, ಇನ್ನೊಂದು ಕಡೆ ತಗ್ಗುತ್ತದೆ, ಆಮೇಲೆ ಜಾಗ ಬದಲಾಯಿಸುತ್ತದೆ. ಸೌದೆ ಉರಿಯುವಾಗ ಆಗುವುದು ಹೀಗೇ.

ಎಡಿಟರ್ ಬಗ್ಗೆ ಒಂದೆರಡು ಮಾತು. ಲಾಗಿನ್ ಆಗದೆ ಬರೆದು ಓಡಿಸಬಹುದು, ಉಳಿಸಿಡಬೇಕಾದರೆ ಖಾತೆ ಬೇಕು. ಉಳಿಸಿದ ಮೇಲೆ ಕೊಂಡಿ ಕಳಿಸಬಹುದು. ಇನ್ನೊಬ್ಬರು ಅದನ್ನು ತೆರೆದು, ನಕಲು ಮಾಡಿಕೊಂಡು ತಮ್ಮದಾಗಿ ಬದಲಾಯಿಸಬಹುದು. ನಾವು ಹೀಗೇ ಒಬ್ಬರಿಗೊಬ್ಬರು ಹನ್ನೆರಡು ಬೆಂಕಿ ಕಳಿಸಿಕೊಂಡಿದ್ದೇವೆ. ಸೇವ್‌ಜಿಫ್ ಅಂತ ಒಂದು ಫಂಕ್ಷನ್ ಇದೆ, ಎಷ್ಟು ಸೆಕೆಂಡ್ ಅಂತ ಹೇಳಿದರೆ ಬೆಂಕಿಯನ್ನು ಓಡುವ ಚಿತ್ರವಾಗಿ ಇಳಿಸಿಕೊಡುತ್ತದೆ. ಅಕ್ಕನಿಗೆ ತೋರಿಸಲು ಅದು ಸಾಕಾಯಿತು.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಪಿಕ್ಸೆಲ್‌ಡೆನ್ಸಿಟಿಗೆ. ಪಿಕ್ಸೆಲ್ಸ್ ಅರೇಯ ಪಾಠದ ಮೊದಲ ವಾಕ್ಯದಲ್ಲೇ ಅದು ಇರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರು, ಲೂಪ್ ಮತ್ತು ಅರೇ ಗೊತ್ತಿದ್ದು ಏನು ಮಾಡುವುದು ಅಂತ ಕೂತವರು, ಒಂದು ವಾರಾಂತ್ಯ ಇದಕ್ಕೆ ಕೊಡಿ. ನನ್ನ ಹಾಗೆ ಹಳೆಯ ಮೋಡ್ 13ಎಚ್ ನೆನಪು ಇರುವವರಂತೂ ಖಂಡಿತ ನೋಡಿ.

ಅವಳು ಈಗ ಮೇಣದ ಬತ್ತಿ ಮಾಡುತ್ತಿದ್ದಾಳೆ. ಕೆಂಡದ ಸಾಲಿನಲ್ಲಿ ನಡುವಿನ ಆರು ಮನೆ ಮಾತ್ರ ಬಿಸಿ, ಉಳಿದಿದ್ದು ಸೊನ್ನೆ. ಆಕಾರ ಚೆನ್ನಾಗಿ ಬಂದಿದೆ. ಮೊನ್ನೆ ನಿಜವಾದ ಬತ್ತಿ ಹಚ್ಚಿ ಪರದೆಯ ಪಕ್ಕ ಇಟ್ಟುಕೊಂಡು ನೋಡಿದಳಂತೆ. "ಮಾಮ, ನಮ್ಮದರಲ್ಲಿ ಬುಡ ಬೆಳ್ಳಗಿದೆ. ನಿಜವಾದದ್ದರಲ್ಲಿ ಬುಡ ನೀಲಿ" ಅಂದಳು. ಹೌದು. ಬತ್ತಿಯ ಹಳದಿ ಬೆಳಕು ಬರುವುದು ಕಾದು ಹೊಳೆಯುವ ಮಸಿಯ ಕಣಗಳಿಂದ. ಬುಡದ ನೀಲಿ ಬರುವುದು ಉರಿಯುವ ಅನಿಲದೊಳಗಿನ ರಾಸಾಯನಿಕ ಕ್ರಿಯೆಯಿಂದಲೇ, ಅಲ್ಲಿ ಮಸಿ ಇನ್ನೂ ಹುಟ್ಟಿರುವುದಿಲ್ಲ. ಬಿಸಿಯ ಒಂದೇ ಅಂಕಿಯಿಂದ ಎರಡು ಬಗೆಯ ಬೆಳಕು ತರಲು ಆಗುವುದಿಲ್ಲ. ಮಸಿಗೆ ಇನ್ನೊಂದು ಅರೇ ಬೇಕು ಅಂತ ನಾನು ಅಂದೆ. ಎತ್ತರ ನೋಡಿ ಬಣ್ಣ ಬದಲಾಯಿಸಿದರೆ ಸಾಕು ಅಂತ ಅವಳು ಅಂದಳು. ಇಬ್ಬರೂ ಬೇರೆ ಬೇರೆ ಬರೆಯುತ್ತಿದ್ದೇವೆ, ಭಾನುವಾರ ಅಕ್ಕಪಕ್ಕ ಇಟ್ಟು ನೋಡುತ್ತೇವೆ.